ಕಡಲ ನೀರಲ್ಲಿ ಸಾರಜನಕ ಧಾರಾಳ, ಆದರೂ ಪ್ಲವಕಗಳಿಗೆ ಅದರದೇ ಬರ: ಯಾಕೆ?

ಸಂಜೆಮಲ್ಲಿಗೆ:
ಸಾಗರ ಜೀವಶಾಸ್ತ್ರ ಓದುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ತಿಳಿದವರು ಬಿಡಿಸಿ ಹೇಳಿ. ಉಷ್ಣವಲಯದ ನಡುಗಡಲಿನ ಮೇಲ್ಪದರದಿಂದ ಒಂದು ಲೀಟರ್ ನೀರು ತೆಗೆದರೆ ಅದರಲ್ಲಿ ಸುಮಾರು 400 ಮೈಕ್ರೋಮೋಲ್ ಸಾರಜನಕ ಅನಿಲ ಕರಗಿರುತ್ತದೆ. ಅದೇ ನೀರಿನಲ್ಲಿ ಪ್ಲವಕಗಳು ನೇರವಾಗಿ ಹೀರಬಲ್ಲ ಸಾರಜನಕದ ರೂಪವಾದ ನೈಟ್ರೇಟ್ ಹುಡುಕಿದರೆ ಕೆಲವು ನ್ಯಾನೋಮೋಲ್ ಸಿಕ್ಕರೆ ಹೆಚ್ಚು. ಅನಿಲದ ಪಾಲು ಹತ್ತಾರು ಸಾವಿರ ಪಟ್ಟು ದೊಡ್ಡದು. ಹಾಗಿದ್ದೂ ಅಲ್ಲಿ ಸಸ್ಯಪ್ಲವಕ (ನೀರಲ್ಲಿ ತೇಲುತ್ತಾ ಬಿಸಿಲಿನಿಂದ ಬೆಳೆಯುವ ಸೂಕ್ಷ್ಮಜೀವಿಗಳು) ಹೆಚ್ಚಾಗಿ ಬೆಳೆಯದಿರುವುದಕ್ಕೆ ಸಾರಜನಕದ ಕೊರತೆಯೇ ಕಾರಣ ಅಂತ ಎಲ್ಲ ಕಡೆ ಬರೆದಿದೆ.

ನನ್ನ ಪ್ರಶ್ನೆ ಎರಡು. ಕೆಲವು ಬ್ಯಾಕ್ಟೀರಿಯಾಗಳಿಗೆ ಈ ಅನಿಲವನ್ನು ಮುರಿದು ಬಳಸಿಕೊಳ್ಳೋ ವಿದ್ಯೆ ಗೊತ್ತಿದೆ. ಕೋಟ್ಯಂತರ ವರ್ಷ ಕಳೆದರೂ ಮಿಕ್ಕವಕ್ಕೆ ಅದು ಯಾಕೆ ಒಲಿಯಲಿಲ್ಲ? ಎರಡನೆಯದು, "ಕಡಲ ಉತ್ಪಾದಕತೆ ನಿಂತಿರುವುದೇ ಸಾರಜನಕ ಸ್ಥಿರೀಕರಿಸುವ ಸೂಕ್ಷ್ಮಜೀವಿಗಳ ಮೇಲೆ" ಅನ್ನೋ ಮಾತನ್ನು ಪದೇ ಪದೇ ಓದುತ್ತೇನೆ. ಅದು ಎಷ್ಟರ ಮಟ್ಟಿಗೆ ನಿಜ?

ಕಿಣ್ವಪ್ರಿಯ:
ಮೊದಲನೆಯದಕ್ಕೆ ನಾನು ಉತ್ತರಿಸ್ತೀನಿ, ಎರಡನೆಯದು ಲೆಕ್ಕ ಬಲ್ಲವರ ಪಾಲಿಗಿರಲಿ.

ಸಾರಜನಕದ ಎರಡು ಪರಮಾಣುಗಳನ್ನು ಹಿಡಿದಿಟ್ಟಿರೋದು ತ್ರಿಬಂಧ. ಹೇಬರ್-ಬಾಷ್ ವಿಧಾನದಲ್ಲಿ ಕಾರ್ಖಾನೆಯವರು ಅದನ್ನು ಮುರಿಯೋಕೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು, ಭಾರೀ ಒತ್ತಡ ಹಾಕಬೇಕು. ನೈಟ್ರೋಜಿನೇಸ್ ಅನ್ನೋ ಕಿಣ್ವ ಅದೇ ಕೆಲಸವನ್ನು ಕಡಲ ನೀರಿನ ಬಿಸಿಯಲ್ಲೇ ಮಾಡಿ ಮುಗಿಸುತ್ತೆ. ಆದರೆ ಪುಕ್ಕಟೆ ಅಲ್ಲ. ಸಾರಜನಕದ ಒಂದು ಅಣುವಿಗೆ ಕನಿಷ್ಠ 16 ಎಟಿಪಿ (ಕೋಶದ ಶಕ್ತಿಯ ನಾಣ್ಯ) ಮತ್ತು 8 ಇಲೆಕ್ಟ್ರಾನ್ ಖರ್ಚಾಗುತ್ತೆ. ಆ ಎಂಟರಲ್ಲೂ ಎರಡು ಜಲಜನಕ ಅನಿಲವಾಗಿ ಸೋರಿಹೋಗುತ್ತವೆ. ಇಷ್ಟೆಲ್ಲ ಮಾಡಿದ್ದಕ್ಕೆ ಕೈಗೆ ಬರೋದು ಎರಡು ಅಣು ಅಮೋನಿಯಾ. ಮೇಲಾಗಿ ಈ ಕಿಣ್ವ ಬಹಳ ನಿಧಾನ, ಸೆಕೆಂಡಿಗೆ ಬೆರಳೆಣಿಕೆಯಷ್ಟು ಅಣುಗಳನ್ನಷ್ಟೇ ಮುಗಿಸುತ್ತೆ. ಹಾಗಾಗಿ ಕೋಶ ಅದನ್ನು ರಾಶಿ ರಾಶಿ ತಯಾರಿಸಿಟ್ಟುಕೊಳ್ಳಬೇಕು. ಒಂದೊಂದು ಪೂರ್ಣ ಕಿಣ್ವಕ್ಕೂ 38 ಕಬ್ಬಿಣದ ಪರಮಾಣು ಬೇಕು, ಜೊತೆಗೆ 2 ಮಾಲಿಬ್ಡಿನಂ. ನಡುಗಡಲಿನ ಮೇಲ್ಪದರದಲ್ಲಿ ಕರಗಿದ ಕಬ್ಬಿಣ ಸಾಮಾನ್ಯವಾಗಿ ಲೀಟರಿಗೆ ಒಂದು ನ್ಯಾನೋಮೋಲ್ ಕೂಡ ಇರಲ್ಲ.

ಇದರ ಮೇಲೆ ಆಮ್ಲಜನಕದ ಕಾಟ ಬೇರೆ. ಆಮ್ಲಜನಕ ತಾಗಿದರೆ ಈ ಕಿಣ್ವ ಕೆಟ್ಟೇ ಹೋಗುತ್ತೆ, ಮತ್ತೆ ಸರಿಹೋಗಲ್ಲ. ವಾತಾವರಣದಲ್ಲಿ ಆಮ್ಲಜನಕ ತುಂಬಿಕೊಳ್ಳೋ ಮೊದಲೇ ಹುಟ್ಟಿದ ಯಂತ್ರ ಇದು. ಹೀಗಾಗಿ ಅಮೋನಿಯಾನೋ ನೈಟ್ರೇಟೋ ಸುಲಭಕ್ಕೆ ಸಿಗೋ ಕಡೆ ಇದನ್ನು ಹೊತ್ತು ತಿರುಗೋದು ಶುದ್ಧ ನಷ್ಟ. ವಿದ್ಯೆ ಇದ್ದ ವಂಶಗಳಲ್ಲೂ ಎಷ್ಟೋ ಅದನ್ನು ಬಿಟ್ಟುಬಿಟ್ಟಿವೆ. ಇನ್ನು ಕೋಶಕೇಂದ್ರ ಇರೋ ಜೀವಿಗಳು, ಅಂದರೆ ಪಾಚಿ, ಗಿಡ, ಪ್ರಾಣಿ, ಇವುಗಳಲ್ಲಿ ಒಂದಕ್ಕೂ ಸ್ವಂತ ನೈಟ್ರೋಜಿನೇಸ್ ಜೀನ್ ಇಲ್ಲ. ಬೇಕಾದವರು ಬ್ಯಾಕ್ಟೀರಿಯಾವನ್ನು ಮನೆಯೊಳಗೆ ಸೇರಿಸಿಕೊಳ್ಳಬೇಕು.

ಜವಾರಿ:
ಅಲ್ರೀ, ಒಂದು ಸಂಶಯ. ಆಮ್ಲಜನಕ ತಾಗಿದ್ರ ಕಿಣ್ವ ಕೆಡತೈತಿ ಅಂದ್ರಿ. ಆದ್ರ ಕಡಲಾಗ ಈ ಕೆಲಸ ಮಾಡೋವು ಹೆಚ್ಚಿನವು ಸಯನೋಬ್ಯಾಕ್ಟೀರಿಯಾನ ಅಲ್ಲೇನ್ರಿ? ಅವು ಬಿಸಲಾಗ ಆಮ್ಲಜನಕ ಬಿಡೋವು. ಒಂದ ಕೋಶದಾಗ ಇವೆರಡೂ ಹೆಂಗ ಹೊಂದ್ತಾವು?

ತೇಲುಜಾಲರಿ:
ಜವಾರಿಯವರೇ, ಒಂದೊಂದು ಒಂದೊಂದು ದಾರಿ ಹಿಡಿದಿದೆ. ರಿಚೇಲಿಯಾ ಅಂತ ಒಂದಿದೆ, ಡಯಾಟಮ್ ಅನ್ನೋ ಏಕಕೋಶಿ ಪಾಚಿಗಳಲ್ಲಿ ಕೆಲವದರ ಗಾಜಿನಂಥ ಚಿಪ್ಪಿನೊಳಗೆ ವಾಸ. ಅದರ ಪುಟ್ಟ ಸರಪಳಿಯ ತುದಿಯ ಕೋಶ ದಪ್ಪ ಗೋಡೆ ಕಟ್ಟಿಕೊಂಡು, ಆಮ್ಲಜನಕ ಬಿಡುವ ವ್ಯವಸ್ಥೆಯನ್ನೇ ಕಳಚಿಹಾಕಿ, ಸಾರಜನಕದ ಕೆಲಸಕ್ಕೇ ಮೀಸಲಾಗುತ್ತೆ. ಇಂಥ ಕೋಶಕ್ಕೆ ಹೆಟಿರೋಸಿಸ್ಟ್ ಅಂತಾರೆ. ಕ್ರೋಕೋಸ್ಫೇರಾ ಅನ್ನೋದು ಏಕಕೋಶಿ. ಹಗಲಲ್ಲಿ ದ್ಯುತಿಸಂಶ್ಲೇಷಣೆ, ರಾತ್ರಿ ಸಾರಜನಕ, ಹೀಗೆ ಪಾಳಿ ಹಾಕಿಕೊಂಡಿದೆ. ಅದರಲ್ಲೂ ಒಂದು ಜಾಣತನ ಇದೆ: ಹಗಲಿನ ಪ್ರೋಟೀನ್‌ಗಳನ್ನು ಸಂಜೆ ಬಿಚ್ಚಿ ಅದರ ಕಬ್ಬಿಣವನ್ನು ರಾತ್ರಿಯ ನೈಟ್ರೋಜಿನೇಸ್‌ಗೆ ಹಾಕುತ್ತೆ, ಬೆಳಗಾದರೆ ತಿರುಗಾ ಅದನ್ನು ಬಿಚ್ಚಿ ಇದಕ್ಕೆ. ಇದು 2011ರಲ್ಲಿ ಪ್ರಕಟವಾದ ಸಂಗತಿ.

ಟ್ರೈಕೊಡೆಸ್ಮಿಯಂ ಮಾತ್ರ ಈ ಯಾವ ಕಟ್ಟುಪಾಡಿಗೂ ಬಗ್ಗಲ್ಲ. ಹೆಟಿರೋಸಿಸ್ಟ್ ಇಲ್ಲ, ರಾತ್ರಿಪಾಳಿ ಇಲ್ಲ, ನಡುಹಗಲಿನಲ್ಲೇ ಎರಡೂ ನಡೆಯುತ್ತವೆ. ಎಲ್ಲ ಕೋಶಗಳಲ್ಲೂ ನೈಟ್ರೋಜಿನೇಸ್ ಇರಲ್ಲ, ಮತ್ತೆ ಹಗಲಿನ ನಡುವೆ ದ್ಯುತಿಸಂಶ್ಲೇಷಣೆ ಸ್ವಲ್ಪ ಹೊತ್ತು ತಗ್ಗುತ್ತೆ ಅನ್ನೋವರೆಗೆ ಗೊತ್ತು. ಉಳಿದದ್ದರ ಬಗ್ಗೆ ಇವತ್ತಿಗೂ ಜಗಳ ಇದೆ.

ಸಂಶೋಧನಾ ಹಡಗಿನಲ್ಲಿ ಬಲೆ ಎಳೆದು ಬಕೆಟ್ಟಿಗೆ ಸುರಿದಾಗ ಇದು ಬರಿಗಣ್ಣಿಗೇ ಕಾಣುತ್ತೆ. ಒಂದೆರಡು ಮಿಲಿಮೀಟರಿನ ಕಂದು-ಹಳದಿ ಎಳೆಗಳ ಕಂತೆಗಳು, ಕೆಲವು ಉದ್ದಕ್ಕೆ, ಕೆಲವು ದುಂಡಗೆ. ಕೋಶದೊಳಗೆ ಗಾಳಿಯ ಸಣ್ಣ ಚೀಲಗಳಿರೋದರಿಂದ ಬಕೆಟ್ಟನ್ನು ಅಲುಗಾಡಿಸದೆ ಇಟ್ಟರೆ ಎಲ್ಲಾ ಮೇಲೆ ಬಂದು ನಿಲ್ಲುತ್ತವೆ. ದುಂಡನೆಯದೊಂದನ್ನು ಪಿಪೆಟ್ಟಿನಲ್ಲಿ ಎತ್ತಿ ಗಾಜಿನ ತಟ್ಟೆಗೆ ಬಿಟ್ಟು, ಮೇಲೆ ಚಿಟಿಕೆ ಮರುಭೂಮಿಯ ದೂಳು ಉದುರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ದೂಳಿನ ಕಣಗಳು ಹೊರಗಿನ ಎಳೆಗಳ ಮೇಲೆ ಹಾಗೇ ಕೂರಲ್ಲ, ಎಳೆಯಿಂದ ಎಳೆಗೆ ಸಾಗಿ ಒಳಗೆ ನಡುಭಾಗಕ್ಕೆ ಹೋಗಿ ಸೇರುತ್ತವೆ. ಅಲ್ಲಿ ದೂಳಿನ ಕಬ್ಬಿಣ ಬೇಗ ಕರಗುತ್ತೆ. ಕೆಂಪು ಸಮುದ್ರದ ಅಕಾಬಾ ಕೊಲ್ಲಿಯ ಮಾದರಿಗಳಲ್ಲಿ ಇದನ್ನು 2011ರಲ್ಲಿ ತೋರಿಸಿಕೊಟ್ಟರು. ನರವಿಲ್ಲ, ಸ್ನಾಯುವಿಲ್ಲ, ಆದರೂ ಗಣಿಗಾರಿಕೆ!

ನಾವಿಕರಿಗೆ ಇದು ಹಳೆಯ ಪರಿಚಯ. ಕ್ಯಾಪ್ಟನ್ ಕುಕ್‌ನ ಹಡಗಿನವರು ಇದನ್ನು ಕಡಲ ಮೇಲಿನ ಮರದ ಹೊಟ್ಟು ಅಂದಿದ್ದರು. ಡಾರ್ವಿನ್ 1832ರಲ್ಲಿ ಬ್ರೆಜಿಲ್ ಬಳಿಯ ಅಬ್ರೊಲ್ಹೋಸ್ ದ್ವೀಪಗಳ ಹತ್ತಿರ ಇದನ್ನು ನೋಡಿ ಟಿಪ್ಪಣಿ ಮಾಡಿಕೊಂಡ. ಆದರೆ ಅದು ಸಾರಜನಕ ಹಿಡಿಯುತ್ತೆ ಅಂತ ಸಾಬೀತಾಗಿದ್ದು 1961ರಲ್ಲಿ, ಸರ್ಗಾಸೋ ಸಮುದ್ರದಲ್ಲಿ.

ಲೆಕ್ಕದಪುಸ್ತಕ:
ಎರಡನೇ ಪ್ರಶ್ನೆ ನನಗಿರಲಿ. ಕಾಗದ ಪೆನ್ಸಿಲ್ ಇದ್ದರೆ ಸಾಕು, ನೀವೂ ಮಾಡಬಹುದು.

ಸಸ್ಯಪ್ಲವಕಗಳು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಇಂಗಾಲವನ್ನು ಜೀವದ್ರವ್ಯವಾಗಿ ಕಟ್ಟುತ್ತವೆ. ಇಡೀ ಭೂಮಿಯ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧ. ರೆಡ್‌ಫೀಲ್ಡ್ ಅನುಪಾತದ ಪ್ರಕಾರ ಅವುಗಳ ಮೈಯಲ್ಲಿ ಇಂಗಾಲದ 106 ಪರಮಾಣುವಿಗೆ ಸಾರಜನಕದ್ದು 16, ರಂಜಕದ್ದು 1. ತೂಕಕ್ಕೆ ತಿರುಗಿಸಿದರೆ 5.7 ಟನ್ ಇಂಗಾಲಕ್ಕೆ 1 ಟನ್ ಸಾರಜನಕ. ಅಂದರೆ ವರ್ಷಕ್ಕೆ ಸುಮಾರು 880 ಕೋಟಿ ಟನ್ ಸಾರಜನಕ ಬೇಕು.

ಕಡಲಿನ ಸೂಕ್ಷ್ಮಜೀವಿಗಳು ವರ್ಷಕ್ಕೆ ಹಿಡಿಯೋ ಸಾರಜನಕ 10ರಿಂದ 20 ಕೋಟಿ ಟನ್ ಅಂತ ಹೆಚ್ಚಿನ ಅಂದಾಜುಗಳು ಹೇಳುತ್ತವೆ. ನಡುವಿನ 15 ಇಟ್ಟುಕೊಳ್ಳಿ. 880ರಲ್ಲಿ 15, ಅಂದರೆ ಶೇಕಡಾ 1.7.

ಕೆಂಗಣ್ಣು:
ಅಷ್ಟೇನಾ! ಶೇಕಡಾ ಎರಡೂ ಇಲ್ಲ. ಮತ್ತೆ ಈ ಜೀವಿಗಳಿಗೆ "ಕಡಲಿನ ಆಧಾರಸ್ತಂಭ" ಅಂತ ಯಾಕಪ್ಪ ಬಿರುದು ಕೊಡೋದು? ಸಂಶೋಧನೆಗೆ ಅನುದಾನ ಕೇಳೋವಾಗ ಬರೆಯೋ ಭಾಷೆ ಇದು ಅನ್ನೋ ಅನುಮಾನ ನನಗೆ ಮೊದಲಿಂದ ಇತ್ತು.

ಪಾಠದಮೇಷ್ಟ್ರು:
ಕೆಂಗಣ್ಣು ಅವರೇ, ಅವಸರ ಬೇಡ. ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಅದು ವಹಿವಾಟಿನ ಲೆಕ್ಕ. ಒಂದೇ ನೋಟು ದಿನಕ್ಕೆ ಹತ್ತು ಕೈ ಬದಲಾಯಿಸಿದರೆ ವಹಿವಾಟು ದೊಡ್ಡದಾಗಿ ಕಾಣುತ್ತದೆ, ಪೇಟೆಗೆ ಹೊಸ ಹಣ ಬಂದಿರುವುದಿಲ್ಲ. ಮೇಲ್ಪದರದಲ್ಲಿ ಪ್ಲವಕವನ್ನು ಪ್ರಾಣಿಪ್ಲವಕ ತಿನ್ನುತ್ತದೆ, ಅಮೋನಿಯಾ ಹೊರಬಿಡುತ್ತದೆ, ಅದನ್ನೇ ಮತ್ತೊಂದು ಪ್ಲವಕ ಹೀರುತ್ತದೆ. ಆ 880 ಕೋಟಿ ಟನ್ನಿನ ಬಹುಪಾಲು ಇಂಥ ಮರುಬಳಕೆ.

ಆದರೆ ಮೇಲ್ಪದರ ಸೋರುತ್ತಲೇ ಇರುತ್ತದೆ. ಸತ್ತ ಕೋಶ, ಹಿಕ್ಕೆ, ಚಿಪ್ಪು ಎಲ್ಲವೂ ಕೆಳಗಿಳಿಯುತ್ತವೆ, ಜೊತೆಗೆ ಸಾರಜನಕವೂ ಇಳಿಯುತ್ತದೆ. ಅಷ್ಟನ್ನು ಹೊಸದಾಗಿ ತುಂಬದಿದ್ದರೆ ಉತ್ಪಾದನೆ ನಿಲ್ಲುತ್ತದೆ. ಹೀಗೆ ಹೊರಗಿನಿಂದ ಬಂದ ಸಾರಜನಕದಿಂದ ಆಗುವ ಬೆಳವಣಿಗೆಯನ್ನು ಡಗ್‌ಡೇಲ್ ಮತ್ತು ಗೋರಿಂಗ್ 1967ರಲ್ಲಿ "ಹೊಸ ಉತ್ಪಾದನೆ" ಎಂದು ಬೇರೆ ಮಾಡಿ ತೋರಿಸಿದರು. ಆಳಕ್ಕೆ ಇಳಿಯುವ ಇಂಗಾಲವೂ, ದೊಡ್ಡ ಮೀನುಗಳವರೆಗೆ ತಲುಪುವ ಆಹಾರವೂ ಬಹುಕಾಲದ ಲೆಕ್ಕದಲ್ಲಿ ಈ ಹೊಸ ಉತ್ಪಾದನೆಯನ್ನು ಮೀರುವಂತಿಲ್ಲ. ಆದ್ದರಿಂದ ಹೋಲಿಸಬೇಕಾದದ್ದು ಇದರೊಂದಿಗೆ, ಒಟ್ಟು ಉತ್ಪಾದನೆಯೊಂದಿಗಲ್ಲ.

ತೇಲುಜಾಲರಿ:
ಮೇಷ್ಟ್ರ ಮಾತಿಗೆ ಒಂದು ಜಾಗ ತೋರಿಸ್ತೀನಿ. ಹವಾಯಿಯ ಉತ್ತರಕ್ಕೆ ಸ್ಟೇಷನ್ ಅಲೋಹಾ ಅಂತ ಒಂದು ವೀಕ್ಷಣಾ ತಾಣ ಇದೆ. 1988ರಿಂದ ಬಿಡದೆ ನೀರು ತೆಗೆದು ನೋಡ್ತಿದ್ದಾರೆ. ಅಲ್ಲಿ ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ. ಎರಡೂ ಸುಲಭಕ್ಕೆ ಬೆರೆಯಲ್ಲ, ಹಾಗಾಗಿ ಆಳದ ನೈಟ್ರೇಟ್ ಮೇಲೆ ಬರೋದು ಕಡಿಮೆ. ಅಂಥಲ್ಲಿ ಹೊಸ ಉತ್ಪಾದನೆಯಲ್ಲಿ ಅರ್ಧದವರೆಗೂ ಸಾರಜನಕ ಸ್ಥಿರೀಕರಣದಿಂದಲೇ ಆಗಬಹುದು ಅಂತ 1997ರಲ್ಲೇ ಅಂದಾಜಿಸಿದ್ದರು. ಉಪೋಷ್ಣವಲಯದ ಇಂಥ ದೊಡ್ಡ ಸುಳಿಗಳೆಲ್ಲ (ಪ್ರವಾಹಗಳು ಸುತ್ತುವರಿದ ನಡುಗಡಲ ಪ್ರದೇಶಗಳು) ಸೇರಿದರೆ ಭೂಮಿಯ ಮೇಲಿನ ಅತಿ ವಿಶಾಲ ಜೀವಿನೆಲೆಗಳಲ್ಲಿ ಒಂದಾಗುತ್ತೆ.

ಅದೇ ತಾಣದಲ್ಲಿ ಬೇಸಿಗೆಯ ಕೊನೆಗೆ, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ, ನಾಲ್ಕು ಸಾವಿರ ಮೀಟರ್ ಆಳದಲ್ಲಿಟ್ಟ ಬುಟ್ಟಿಗಳಿಗೆ ಇದ್ದಕ್ಕಿದ್ದಂತೆ ಸಾವಯವ ಕಣಗಳು ಸುರಿಯುತ್ತವೆ. ರಿಚೇಲಿಯಾವನ್ನು ಹೊಟ್ಟೆಯಲ್ಲಿಟ್ಟುಕೊಂಡ ಡಯಾಟಮ್‌ಗಳು ಅವು. ಚಿಪ್ಪು ಭಾರ, ಬೇಗ ಮುಳುಗುತ್ತವೆ. ಅಟ್ಲಾಂಟಿಕ್‌ನಲ್ಲಿ ಅಮೆಜಾನ್ ನದಿಯ ಸಿಹಿನೀರು ಹರಡಿಕೊಳ್ಳೋ ಜಾಗದಲ್ಲೂ ಇವೇ ಜೋಡಿಗಳು ಹುಲುಸಾಗಿ ಬೆಳೆದು ಇಂಗಾಲವನ್ನು ಕೆಳಗೆ ಸಾಗಿಸುತ್ತವೆ. ಟ್ರೈಕೊಡೆಸ್ಮಿಯಂ ತೇಲೋ ಜಾತಿ, ಇದಕ್ಕೆ ಹೋಲಿಸಿದರೆ ಆಳಕ್ಕೆ ಹೋಗೋದು ಕಡಿಮೆ. "ಸಾರಜನಕ ಹಿಡಿಯುವ ಸೂಕ್ಷ್ಮಜೀವಿ" ಅಂತ ಎಲ್ಲವನ್ನೂ ಒಂದೇ ಮೂಟೆ ಕಟ್ಟಿದರೆ ಇದೆಲ್ಲ ಕಾಣಲ್ಲ.

ಲೆಕ್ಕದಪುಸ್ತಕ:
ಇನ್ನೊಂದು ಲೆಕ್ಕ ಬಾಕಿ ಇದೆ, ಕೆಂಗಣ್ಣು ಅವರು ಇದನ್ನೂ ನೋಡಲಿ. ಇಡೀ ಸಾಗರದಲ್ಲಿ ನೈಟ್ರೇಟ್ ರೂಪದಲ್ಲಿ ಇರೋ ಸಾರಜನಕ ಸುಮಾರು 66,000 ಕೋಟಿ ಟನ್, ಹೆಚ್ಚಿನದು ಆಳದಲ್ಲಿ. ಇದನ್ನು ಮತ್ತೆ ಅನಿಲ ಮಾಡಿ ಹಾಳು ಮಾಡೋ ಬ್ಯಾಕ್ಟೀರಿಯಾಗಳೂ ಇವೆ. ಡಿನೈಟ್ರಿಫಿಕೇಷನ್, ಅನಮ್ಮಾಕ್ಸ್ ಅಂತ ಎರಡು ಬಗೆ. ಆಮ್ಲಜನಕ ಬತ್ತಿಹೋದ ಕಡೆ ಇವು ನಡೆಯುತ್ತವೆ: ಅರಬ್ಬೀ ಸಮುದ್ರದ ನಡು ಆಳ, ಪೆಸಿಫಿಕ್‌ನ ಪೂರ್ವ ಅಂಚಿನಲ್ಲಿ ಸಮಭಾಜಕದ ಎರಡೂ ಪಕ್ಕ, ಜೊತೆಗೆ ಕಡಲತಳದ ಕೆಸರು. ಹೀಗೆ ಕಳೆದುಹೋಗೋದು ವರ್ಷಕ್ಕೆ 20ರಿಂದ 30 ಕೋಟಿ ಟನ್ ಅಂತ ಇಟ್ಟರೆ, ತುಂಬೋರು ಯಾರೂ ಇಲ್ಲದಿದ್ದಾಗ ಎರಡು-ಮೂರು ಸಾವಿರ ವರ್ಷಕ್ಕೆ ದಾಸ್ತಾನು ಖಾಲಿ. ನದಿ, ಮಳೆ, ದೂಳಿನಿಂದಲೂ ಸ್ವಲ್ಪ ಬರುತ್ತೆ, ಆದರೆ ದೊಡ್ಡ ಜಮೆ ಈ ಸೂಕ್ಷ್ಮಜೀವಿಗಳದ್ದೇ.

ಆದ್ದರಿಂದ ನನ್ನ ಉತ್ತರ ಹೀಗೆ: ನಾಳೆ ಬೆಳಿಗ್ಗೆ ಇವೆಲ್ಲ ಕಣ್ಮರೆಯಾದರೆ ಈ ವರ್ಷದ ಒಟ್ಟು ಉತ್ಪಾದನೆಯಲ್ಲಿ ದೊಡ್ಡ ಬದಲಾವಣೆ ಕಾಣಲ್ಲ. ನಡುಗಡಲ ಸುಳಿಗಳು ಬೇಗ ಸೊರಗುತ್ತವೆ, ಮಿಕ್ಕ ಸಾಗರ ಶತಮಾನಗಳ ಮೇಲೆ. ಸಾವಿರಾರು ವರ್ಷ ಅನ್ನೋದು ಸಾಗರದ ಪಾಲಿಗೆ ಅಲ್ಪ ಸಮಯ.

ಕೆಂಗಣ್ಣು:
ಇದು ಒಪ್ಪೋ ಮಾತು. ಅರ್ಧ ವಾಕ್ಯದಲ್ಲಿ ಮುಗಿಸೋ ಬದಲು ಲೇಖನಗಳಲ್ಲೂ ಹೀಗೇ ಬರೆದರೆ ಏನು ಕಷ್ಟವೋ. ಆದರೆ ಜಮೆ-ಖರ್ಚು ಸರಿದೂಗಿಸೋರು ಯಾರು? ಬ್ಯಾಕ್ಟೀರಿಯಾ ಲೆಕ್ಕ ಇಟ್ಟಿರುತ್ತಾ?

ಪಾಠದಮೇಷ್ಟ್ರು:
ಲೆಕ್ಕ ಇಡುವುದು ರಂಜಕ. ಸಾರಜನಕ ಕಳೆದುಹೋದ ನೀರು ಮೇಲೆ ಬಂದಾಗ ಅದರಲ್ಲಿ 16ಕ್ಕೆ 1ರ ಅನುಪಾತ ಕೆಟ್ಟಿರುತ್ತದೆ, ರಂಜಕ ಉಳಿದುಬಿಟ್ಟಿರುತ್ತದೆ. ಸಾಮಾನ್ಯ ಪ್ಲವಕ ಅಲ್ಲಿ ಹಸಿದು ಕೂರುತ್ತದೆ, ಅನಿಲ ಬಳಸಬಲ್ಲವರಿಗೆ ಮಾತ್ರ ಅವಕಾಶ. ಅವು ಬೆಳೆದು ಸಾಯುತ್ತಾ ನೀರಿಗೆ ಸಾರಜನಕ ಸೇರಿಸುತ್ತವೆ. ಅನುಪಾತ ಸರಿಹೋದ ಕೂಡಲೇ ದುಬಾರಿ ಕಿಣ್ವ ಹೊತ್ತವರು ಸ್ಪರ್ಧೆಯಲ್ಲಿ ಹಿಂದೆ ಬೀಳುತ್ತಾರೆ. 1999ರಲ್ಲಿ ಟಿರೆಲ್ ಒಂದು ಸರಳ ಮಾದರಿಯಲ್ಲಿ ಇದನ್ನು ತೋರಿಸಿದರು: ಇವತ್ತಿನ ಬೆಳವಣಿಗೆಗೆ ಕಡಿವಾಣ ಸಾರಜನಕದ ಕೈಯಲ್ಲಿ, ದೀರ್ಘಕಾಲದ ಕಡಿವಾಣ ರಂಜಕದ ಕೈಯಲ್ಲಿ.

ಕಿಣ್ವಪ್ರಿಯ:
ಮೇಷ್ಟ್ರೇ, ಮಾದರಿ ಚೆನ್ನಾಗಿದೆ, ಆದರೆ ಅದರಲ್ಲಿ ಕಬ್ಬಿಣ ಇಲ್ಲ. ಆ 38 ಪರಮಾಣು ಸಿಗದಿದ್ದರೆ ರಂಜಕ ಎಷ್ಟಿದ್ದರೂ ಏನು ಬಂತು? ಉತ್ತರ ಅಟ್ಲಾಂಟಿಕ್‌ಗೆ ಸಹಾರಾದ ದೂಳು ಗಾಳಿಯಲ್ಲಿ ತೇಲಿ ಬಂದು ಬೀಳುತ್ತೆ, ಅಲ್ಲಿ ಕಬ್ಬಿಣ ಸಿಗುತ್ತೆ, ರಂಜಕವೇ ತಳ ಕಾಣುವಷ್ಟು ಕಡಿಮೆ. ಪೂರ್ವ ಉಷ್ಣವಲಯದ ಅಟ್ಲಾಂಟಿಕ್‌ನಲ್ಲಿ 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಬ್ಬಿಣ, ರಂಜಕ ಎರಡನ್ನೂ ಕೂಡಿಸಿ ಹಾಕಿದಾಗ ಸ್ಥಿರೀಕರಣ ಏರಿತು. ಸಹಾರಾದ ದೂಳು ಹಾಕಿದಾಗಲೂ ಏರಿತು, ಎರಡೂ ಅದರಲ್ಲಿವೆ. ದಕ್ಷಿಣ ಪೆಸಿಫಿಕ್‌ನ ಪೂರ್ವ ಭಾಗದಲ್ಲಿ ಕಥೆ ಉಲ್ಟಾ. ಅಲ್ಲಿ ದೂಳು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಅದೇ ದಕ್ಷಿಣ ಪೆಸಿಫಿಕ್‌ನ ಪಶ್ಚಿಮಕ್ಕೆ, ಟೊಂಗಾ ದ್ವೀಪಮಾಲೆಯ ಹತ್ತಿರ ಹೋಗಿ, ಟ್ರೈಕೊಡೆಸ್ಮಿಯಂ ತುಂಬಿ ತುಳುಕುತ್ತೆ. ಅಲ್ಲಿ ಕಬ್ಬಿಣ ಬರೋದು ಆಕಾಶದಿಂದಲ್ಲ, ಕಡಲತಳದ ಕಡಿಮೆ ಆಳದ ಬಿಸಿನೀರಿನ ಬುಗ್ಗೆಗಳಿಂದ ಅಂತ 2023ರಲ್ಲಿ ಪ್ರಕಟವಾಯ್ತು. ಸಾರಜನಕ ಎಲ್ಲಿ ಕಳೆಯುತ್ತೋ ಅಲ್ಲೇ ಪಕ್ಕದಲ್ಲಿ ಜಮೆ ಆಗುತ್ತೆ ಅಂತ 2007ರ ಒಂದು ಪ್ರಸಿದ್ಧ ವಾದ ಇದೆ. ಟೊಂಗಾ ನೋಡಿದ ಮೇಲೆ ನನಗೆ ಅನ್ನಿಸೋದು, ಜಮೆಯ ಜಾಗವನ್ನು ನಿರ್ಧರಿಸೋದು ಕಬ್ಬಿಣ, ರಂಜಕ ಅಲ್ಲಿಯವರೆಗೆ ಪ್ರವಾಹದ ಜೊತೆ ಪ್ರಯಾಣ ಮಾಡಿ ಬರುತ್ತೆ.

ಜವಾರಿ:
ಹಂಗಾದ್ರ ಕಬ್ಬಿಣದ ಉಪ್ಪು ಒಯ್ದು ಕಡಲಿಗೆ ಸುರವಿದ್ರ ಆತಲ್ರೀ. ಮೀನೂ ಹೆಚ್ಚು, ಇಂಗಾಲನೂ ತಳಕ್ಕ.

ಕೆಂಗಣ್ಣು:
ಜವಾರಿ, ಸುರಿದು ನೋಡಿದ್ದಾರೆ, ಒಂದು ಡಜನ್‌ಗೂ ಹೆಚ್ಚು ಪ್ರಯೋಗ ಆಗಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ದಕ್ಷಿಣ ಮಹಾಸಾಗರದಂಥ ಕಡೆ, ಅಲ್ಲಿ ನೈಟ್ರೇಟ್ ಮೊದಲೇ ಬೇಕಾದಷ್ಟಿದೆ. ಅಲ್ಲಿ ಕಬ್ಬಿಣ ಹಾಕಿದರೆ ಬೆಳೆಯೋದು ಸಾಮಾನ್ಯ ಪ್ಲವಕ, ಈ ಚರ್ಚೆಯ ಜೀವಿಗಳಲ್ಲ. 2009ರ ಭಾರತ-ಜರ್ಮನಿ ಲೋಹಾಫೆಕ್ಸ್ ಪ್ರಯೋಗದಲ್ಲಿ ಪ್ಲವಕ ಬೆಳೆಯಿತು, ಆದರೆ ಡಯಾಟಮ್‌ಗೆ ಬೇಕಾದ ಸಿಲಿಕಾ ಇರಲಿಲ್ಲ, ಬೆಳೆದದ್ದನ್ನು ಪ್ರಾಣಿಪ್ಲವಕ ಮೇಯ್ದುಬಿಟ್ಟವು. ಆಳಕ್ಕೆ ಹೋಗಿದ್ದು ಅಷ್ಟಕ್ಕಷ್ಟೇ.

ಕಬ್ಬಿಣ ಅಂದ ಕೂಡಲೇ ಎಲ್ಲದಕ್ಕೂ ಅದೇ ಕಾರಣ ಅನ್ನೋರಿಗೆ ಇನ್ನೊಂದು ಘಟನೆ ಹೇಳ್ತೀನಿ. 2018ರಲ್ಲಿ ಹವಾಯಿಯ ಕಿಲವೇಯಾ ಜ್ವಾಲಾಮುಖಿಯ ಲಾವಾ ಕಡಲಿಗೆ ಹರಿಯಿತು. ಕೆಲವೇ ದಿನಗಳಲ್ಲಿ ಉಪಗ್ರಹದಲ್ಲಿ ದೊಡ್ಡ ಹಸಿರು ಪಟ್ಟೆ ಕಾಣಿಸಿತು. ಲಾವಾದಲ್ಲಿ ಕಬ್ಬಿಣ ಇದೆ, ರಂಜಕ ಇದೆ, ಸಾರಜನಕ ಇಲ್ಲ. ಹಾಗಾದರೆ ಸಾರಜನಕ ಹಿಡಿಯೋರೇ ಬೆಳೆದಿರಬೇಕು ಅಂತ ಯಾರಿಗಾದರೂ ಅನ್ನಿಸುತ್ತೆ. ವಿಜ್ಞಾನಿಗಳು ಹಡಗು ತಗೊಂಡು ಹೋಗಿ ಅಳೆದರೆ ನೀರಲ್ಲಿ ನೈಟ್ರೇಟೇ ತುಂಬಿತ್ತು! ಲಾವಾ ಆಳಕ್ಕೆ ಇಳಿದು ಅಲ್ಲಿನ ನೀರನ್ನು ಕಾಯಿಸಿದೆ, ಕಾದ ನೀರು ತನ್ನಲ್ಲಿದ್ದ ನೈಟ್ರೇಟ್ ಹೊತ್ತುಕೊಂಡು ಮೇಲೆದ್ದಿದೆ. ಅಳೆಯದೆ ಕಥೆ ಕಟ್ಟಬಾರದು ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದ, ಕೇಳಿದ್ದಕ್ಕಿಂತ ಜಾಸ್ತಿ ಸಿಗುತ್ತಿದೆ. ಕಿಣ್ವಪ್ರಿಯ ಅವರೇ, ಕೋಶಕೇಂದ್ರ ಇರುವ ಯಾವ ಜೀವಿಗೂ ಸ್ವಂತ ನೈಟ್ರೋಜಿನೇಸ್ ಇಲ್ಲ ಅಂದಿರಿ. ಆದರೆ 2024ರಲ್ಲಿ ನೈಟ್ರೋಪ್ಲಾಸ್ಟ್ ಅಂತ ಸುದ್ದಿ ಬಂತಲ್ಲ? ಅದು ಹೇಗೆ?

ತೇಲುಜಾಲರಿ:
ಇದಕ್ಕೆ ನಾನು ಬರೀತೀನಿ, ನನಗೆ ತುಂಬ ಹಿಡಿಸಿದ ಕಥೆ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

1998ರಲ್ಲಿ ಜೊನಾಥನ್ ಝೆರ್ ತಂಡ ಪೆಸಿಫಿಕ್ ನೀರಿನ ಡಿಎನ್‌ಎಯಲ್ಲಿ ನೈಟ್ರೋಜಿನೇಸ್ ಜೀನ್‌ಗಳನ್ನು ಹುಡುಕುವಾಗ ಯಾವ ಪರಿಚಿತ ಜೀವಿಗೂ ಸೇರದ ಒಂದು ತುಣುಕು ಸಿಕ್ಕಿತು. ಜೀವಿ ಕಣ್ಣಿಗೆ ಬಿದ್ದಿಲ್ಲ, ಜೀನ್ ಮಾತ್ರ ಇದೆ. ಯುಸಿವೈಎನ್-ಎ ಅಂತ ಹೆಸರಿಟ್ಟರು. ಒಂದು ಮೈಕ್ರಾನ್ ಆಸುಪಾಸಿನ ಗಾತ್ರ, ಟ್ರೈಕೊಡೆಸ್ಮಿಯಂ ಹಿಡಿಯೋ ಬಲೆಯಲ್ಲಿ ಸಲೀಸಾಗಿ ನುಸುಳಿ ಹೋಗುತ್ತೆ. ಸಾರಜನಕದ ಲೆಕ್ಕವನ್ನು ಅಷ್ಟು ವರ್ಷ ಟ್ರೈಕೊಡೆಸ್ಮಿಯಂ ಒಂದರ ಹೆಸರಲ್ಲೇ ಬರೆದದ್ದಕ್ಕೆ ಇದೂ ಒಂದು ಕಾರಣ.

ಹತ್ತು ವರ್ಷ ಕಳೆದು ಅದರ ಜೀನೋಮ್ ಓದಿದರೆ ಇನ್ನೂ ಅಚ್ಚರಿ. ಸಯನೋಬ್ಯಾಕ್ಟೀರಿಯಾ ಹೌದು, ಆದರೆ ಆಮ್ಲಜನಕ ಬಿಡುವ ಫೋಟೋಸಿಸ್ಟಂ-2 ಇಲ್ಲ, ಇಂಗಾಲ ಹಿಡಿಯುವ ರುಬಿಸ್ಕೋ ಇಲ್ಲ. ಜೀನೋಮ್ ಬರೀ 14.4 ಲಕ್ಷ ಅಕ್ಷರ. ಒಂಟಿಯಾಗಿ ಬದುಕೋ ಶಕ್ತಿಯೇ ಇಲ್ಲ. 2012ರಲ್ಲಿ ಅದರ ಆತಿಥೇಯ ಪಾಚಿ ಸಿಕ್ಕಿತು. ಬ್ರಾರುಡೋಸ್ಫೇರಾ ಬಿಗೆಲೋವಿ ಅದರ ಹೆಸರು. ಜೀವನದ ಒಂದು ಹಂತದಲ್ಲಿ 12 ಪಂಚಭುಜದ ಸುಣ್ಣದ ಹಲಗೆಗಳನ್ನು ಜೋಡಿಸಿ ಮೈಮೇಲೆ ಕವಚ ಮಾಡಿಕೊಳ್ಳೋ ಜೀವಿ ಇದು. ಕಲ್ಲಾದ ಕವಚಗಳನ್ನು ಭೂವಿಜ್ಞಾನಿಗಳು ಬಹಳ ಹಿಂದಿನಿಂದ ಬಲ್ಲರು, ಜೀವಂತವಾಗಿ ಸಾಕೋದು ಮಾತ್ರ ಯಾರಿಗೂ ಆಗಿರಲಿಲ್ಲ. ಜಪಾನಿನ ಕ್ಯೋಕೋ ಹಗಿನೋ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಡಲ ನೀರು ತಂದು ತಂದು ಕೊನೆಗೂ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಮುಂದಿನದೆಲ್ಲ ಆ ಸೀಸೆಯಿಂದ ಬಂದದ್ದು. ಸುದ್ದಿಪತ್ರಿಕೆಗಳಲ್ಲಿ ಈ ಹೆಸರು ಇನ್ನೂ ದೊಡ್ಡದಾಗಿ ಬರಬೇಕಿತ್ತು ಅಂತ ನನಗನ್ನಿಸುತ್ತೆ.

2024ರ ಏಪ್ರಿಲ್‌ನಲ್ಲಿ ಪ್ರಕಟವಾದದ್ದು ಎರಡು ಮುಖ್ಯ ಸಂಗತಿ. ಎಕ್ಸ್-ಕಿರಣದ ಚಿತ್ರಗಳಲ್ಲಿ ನೋಡಿದರೆ ಪಾಚಿಯ ಕೋಶ ಇಬ್ಭಾಗವಾಗೋ ಮುನ್ನ ಯುಸಿವೈಎನ್-ಎ ತಾನೂ ಎರಡಾಗಿ, ಮರಿಕೋಶಕ್ಕೆ ಒಂದರಂತೆ ಹಂಚಿಹೋಗುತ್ತೆ. ಜೊತೆಗೆ ಅದರೊಳಗೆ ಇರೋ ಪ್ರೋಟೀನ್‌ಗಳಲ್ಲಿ ಗಣನೀಯ ಪಾಲಿಗೆ ಜೀನ್ ಇರೋದು ಪಾಚಿಯ ಕೋಶಕೇಂದ್ರದಲ್ಲಿ. ಪಾಚಿ ಆ ಪ್ರೋಟೀನ್ ತಯಾರಿಸಿ, ಬಾಲಕ್ಕೆ ಒಂದು ವಿಳಾಸದ ತುಣುಕು ಅಂಟಿಸಿ ಒಳಗೆ ಕಳಿಸುತ್ತೆ. ಮೈಟೊಕಾಂಡ್ರಿಯಾ, ಕ್ಲೋರೋಪ್ಲಾಸ್ಟ್‌ಗಳಲ್ಲಿ ನಡೆಯೋದೂ ಇದೇ ಬಗೆ. ಹಾಗಾಗಿ ಇದು ಬಾಡಿಗೆದಾರ ಅಲ್ಲ, ಕಣದಂಗ, ಅಂದರೆ ಕೋಶದ ಸ್ವಂತ ಅಂಗ, ಅಂತ ತೀರ್ಮಾನಿಸಿ ನೈಟ್ರೋಪ್ಲಾಸ್ಟ್ ಅಂದರು. ಸುಮಾರು 10 ಕೋಟಿ ವರ್ಷದ ಸಂಬಂಧ.

ಕಿಣ್ವಪ್ರಿಯ:
ಸಂಜೆಮಲ್ಲಿಗೆ, ಹಾಗಾದರೂ ನೈಟ್ರೋಜಿನೇಸ್‌ನ ಜೀನ್‌ಗಳು ಇರೋದು ನೈಟ್ರೋಪ್ಲಾಸ್ಟ್‌ನ ಸ್ವಂತ ಡಿಎನ್‌ಎಯಲ್ಲೇ, ಪಾಚಿಯ ಕೋಶಕೇಂದ್ರದಲ್ಲಲ್ಲ. ಅದೇ ವರ್ಷ ಬ್ರೆಮೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಅಟ್ಲಾಂಟಿಕ್‌ನ ಒಂದು ಡಯಾಟಮ್ ಒಳಗೆ ರೈಜೋಬಿಯಂನ ಸಂಬಂಧಿಯನ್ನೇ ಕಂಡರು. ದ್ವಿದಳ ಸಸ್ಯಗಳ ಬೇರುಗಂಟಿನಲ್ಲಿರುತ್ತಲ್ಲ, ಅದೇ ಬಳಗ. ಸಯನೋಬ್ಯಾಕ್ಟೀರಿಯಾ ಅಲ್ಲದ ಜೀವಿಗಳ ಸಾರಜನಕ ಜೀನ್‌ಗಳು ಸಾಗರದ ತುಂಬ ಸಿಗುತ್ತಿದ್ದವು, ನಿಜಕ್ಕೂ ಅವು ಕೆಲಸ ಮಾಡುತ್ತವಾ ಅನ್ನೋದೇ ಪ್ರಶ್ನೆಯಾಗಿತ್ತು. ಈ ಜೋಡಿಯ ವಿಷಯದಲ್ಲಿ ಉತ್ತರ ಸಿಕ್ಕಿದೆ.

ಜವಾರಿ:
ಹಂಗಂದ್ರ ಆ ನೈಟ್ರೋಪ್ಲಾಸ್ಟ್ ತಗದು ಬೆಳಿಯೊಳಗ ಹಾಕಿದ್ರ ಗೊಬ್ಬರದ ಖರ್ಚ ಉಳೀತಲ್ರೀ?

ಕಿಣ್ವಪ್ರಿಯ:
ಕನಸು ಎಲ್ಲರಿಗೂ ಇದೆ. ಆದರೆ ಅದಕ್ಕೆ ಬೇಕಾದ ಪ್ರೋಟೀನ್‌ಗಳನ್ನು ಆ ಪಾಚಿಯೇ ಒದಗಿಸಬೇಕು. ಬರೀ ಕಣದಂಗ ಎತ್ತಿ ಗಿಡದ ಕೋಶಕ್ಕೆ ಹಾಕಿದರೆ ಬದುಕಲ್ಲ.

ಕೆಂಗಣ್ಣು:
ಲೆಕ್ಕದಪುಸ್ತಕ ಅವರಿಗೆ ಕೊನೆಯ ತಕರಾರು. 10ರಿಂದ 20 ಕೋಟಿ ಟನ್ ಅಂದಿರಿ. ದುಪ್ಪಟ್ಟು ಅಂತರ. ಇಷ್ಟು ಸಡಿಲ ಅಂಕಿಯ ಮೇಲೆ ಸಾಗರದ ಬಜೆಟ್ ನಿಂತಿದೆಯಾ?

ಲೆಕ್ಕದಪುಸ್ತಕ:
ನಿಂತಿದೆ, ಅದರ ಕಾರಣವೂ ಸ್ವಾರಸ್ಯವಾಗಿದೆ. ಅಳೆಯೋ ಸಾಮಾನ್ಯ ವಿಧಾನ ಹೀಗೆ: ಸೀಸೆಯಲ್ಲಿ ಕಡಲ ನೀರು ತುಂಬಿ, ಗಾಳಿ ಇರದಂತೆ ಮುಚ್ಚಿ, ಸೂಜಿಯಿಂದ ಸಾರಜನಕ-15ರ (ಸಾಮಾನ್ಯಕ್ಕಿಂತ ತುಸು ಭಾರದ ಸಾರಜನಕ) ಅನಿಲದ ಗುಳ್ಳೆ ಒಳಗೆ ಬಿಡೋದು. ಒಂದು ದಿನ ಬಿಟ್ಟು ಸೋಸಿ, ಜೀವಿಗಳ ಮೈಗೆ ಆ ಭಾರದ ಸಾರಜನಕ ಎಷ್ಟು ಸೇರಿದೆ ಅಂತ ನೋಡೋದು. ಗುಳ್ಳೆ ಬೇಗ ಕರಗಿ ಸಮವಾಗಿ ಬೆರೆಯುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅದು ಗಂಟೆಗಟ್ಟಲೆ ಹಾಗೇ ಉಳಿಯುತ್ತೆ, ಹಾಗಾಗಿ ಅಳತೆ ಕಡಿಮೆ ಬರುತ್ತೆ ಅಂತ 2010ರಲ್ಲಿ ತೋರಿಸಿದರು. ಅನಿಲವನ್ನು ಮೊದಲೇ ನೀರಲ್ಲಿ ಕರಗಿಸಿ ಹಾಕೋ ವಿಧಾನದಿಂದ ಅಟ್ಲಾಂಟಿಕ್‌ನಲ್ಲಿ ಅಳೆದು ಲೆಕ್ಕ ಹಾಕಿದಾಗ, 2012ರಲ್ಲಿ ಜಾಗತಿಕ ಅಂದಾಜು 10.3 ಕೋಟಿಯಿಂದ 17.7 ಕೋಟಿ ಟನ್ನಿಗೆ ಏರಿತು. ಎರಡು ವರ್ಷದ ಮೇಲೆ ಮತ್ತೊಂದು ಪೆಟ್ಟು: ಮಾರಾಟಕ್ಕೆ ಸಿಗೋ ಸಾರಜನಕ-15 ಅನಿಲದ ಕೆಲವು ಸಿಲಿಂಡರುಗಳಲ್ಲಿ ಅಮೋನಿಯಾದಂಥ ಕಲಬೆರಕೆ ಇತ್ತು. ಅದನ್ನು ಯಾವ ಪ್ಲವಕವಾದರೂ ಹೀರುತ್ತೆ, ಅಳತೆ ಸುಳ್ಳೇ ಹೆಚ್ಚು ಬರುತ್ತೆ.

ಸೀಸೆಯನ್ನೇ ನಂಬದವರಿಗೆ ಬೇರೆ ದಾರಿಯೂ ಇದೆ. ಆಳದ ನೈಟ್ರೇಟಿನಲ್ಲಿ ಭಾರದ ಸಾರಜನಕ ಸ್ವಲ್ಪ ಹೆಚ್ಚು, ಗಾಳಿಗೆ ಹೋಲಿಸಿದರೆ ಸಾವಿರಕ್ಕೆ ಸುಮಾರು 5 ಭಾಗ. ಹೊಸದಾಗಿ ಹಿಡಿದ ಸಾರಜನಕ ಗಾಳಿಯದಕ್ಕೆ ಹತ್ತಿರ. ಸರ್ಗಾಸೋದಂಥ ಕಡೆ ನೀರಿನ, ಪ್ರಾಣಿಪ್ಲವಕದ ಐಸೋಟೋಪ್ ಅಳೆದರೆ ಹಗುರ ಸಾರಜನಕದ ಗುರುತು ಎದ್ದು ಕಾಣುತ್ತೆ. ವರ್ಷಗಳ ಸರಾಸರಿ ಅದರಲ್ಲಿ ದಾಖಲಾಗಿರುತ್ತೆ.

ಪಾಠದಮೇಷ್ಟ್ರು:
ಕಡಲು ಬಿಸಿಯಾಗಿ ಆಮ್ಲೀಯವಾಗುತ್ತಾ ಹೋದರೆ ಈ ಜೀವಿಗಳು ಹೆಚ್ಚುತ್ತವೆಯೋ ಕಡಿಮೆಯಾಗುತ್ತವೆಯೋ? ತರಗತಿಯಲ್ಲಿ ತಪ್ಪದೆ ಬರುವ ಪ್ರಶ್ನೆ. ಮೇಲ್ಪದರ ಬಿಸಿಯಾದಷ್ಟೂ ಆಳದ ನೈಟ್ರೇಟ್ ಬರುವುದು ಕಡಿಮೆಯಾಗಿ ಇವಕ್ಕೆ ಅನುಕೂಲ ಎಂದು ತರ್ಕಿಸಬಹುದು. ಆದರೆ ರಂಜಕವೂ ಆಳದಿಂದಲೇ ಬರಬೇಕಲ್ಲ?

ತೇಲುಜಾಲರಿ:
ಮೇಷ್ಟ್ರೇ, ಅದೇ ಗಂಟು. ಆಮ್ಲೀಯತೆಯ ವಿಷಯ ಇನ್ನೂ ಗೋಜಲು. ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ ವರ್ಷಗಟ್ಟಲೆ ಬೆಳೆಸಿದ ಟ್ರೈಕೊಡೆಸ್ಮಿಯಂ ಹೆಚ್ಚು ಸಾರಜನಕ ಹಿಡಿಯಿತು, ಮಾಮೂಲಿ ಮಟ್ಟಕ್ಕೆ ತಂದರೂ ಆ ಏರಿಕೆ ಉಳಿಯಿತು ಅಂತ 2015ರಲ್ಲಿ ಬಂತು. 2017ರಲ್ಲಿ ಚೀನಾದ ಶಿಯಾಮೆನ್ ವಿಶ್ವವಿದ್ಯಾಲಯದ ತಂಡ ಬೇರೆಯದೇ ಹೇಳಿತು: ಹಳೆಯ ಕೆಲವು ಪ್ರಯೋಗಗಳಲ್ಲಿ ಬಳಸಿದ ಕೃತಕ ಕಡಲ ನೀರಿನಲ್ಲೇ ಅಮೋನಿಯಾ ಮತ್ತು ತಾಮ್ರದ ಕಲಬೆರಕೆ ಇತ್ತು, ಆಮ್ಲೀಯತೆ ಅವುಗಳ ವಿಷವನ್ನು ತಗ್ಗಿಸಿ ಬೆಳವಣಿಗೆ ಹೆಚ್ಚಿದಂತೆ ತೋರಿಸಿತು. ಶುದ್ಧ ನೀರಿನಲ್ಲಿ, ಅದರಲ್ಲೂ ಕಬ್ಬಿಣ ಕಡಿಮೆ ಇದ್ದಾಗ, ಆಮ್ಲೀಯತೆಯಿಂದ ಸ್ಥಿರೀಕರಣ ಇಳಿಯಿತು. ನಡುಗಡಲಿನಲ್ಲಿ ಕಬ್ಬಿಣ ಯಾವಾಗಲೂ ಕಡಿಮೆಯೇ, ಹಾಗಾಗಿ ನನ್ನ ಒಲವು ಎರಡನೆಯದರ ಕಡೆ. ಕಬ್ಬಿಣ ಎಷ್ಟಿತ್ತು ಅಂತ ಬರೆಯದ ಇಂಥ ಪ್ರಯೋಗಗಳನ್ನು ನಾನು ಓದೋದೇ ಬಿಟ್ಟಿದ್ದೇನೆ.

ಮತ್ತೆ ತರಗತಿಯಲ್ಲಿ ಟ್ರೈಕೊಡೆಸ್ಮಿಯಂ ಒಂದನ್ನೇ ಇಟ್ಟುಕೊಂಡು ಭವಿಷ್ಯ ಹೇಳಬೇಡಿ. ಅದು ಬೆಚ್ಚಗಿನ ನೀರಿನ ಜೀವಿ. ಯುಸಿವೈಎನ್-ಎ ಬೇರಿಂಗ್ ಮತ್ತು ಚುಕ್ಚಿ ಸಮುದ್ರಗಳ ತಣ್ಣನೆಯ ನೀರಿನಲ್ಲೂ ಸಾರಜನಕ ಹಿಡಿಯೋದನ್ನು 2018ರಲ್ಲಿ ಅಳೆದು ತೋರಿಸಿದ್ದಾರೆ.